ಮಳೆಗೆ ಆಸರೆ, ಸಿಡಿಲಿಗಲ್ಲ

ನಮ್ಮ ಭಾಗದಲ್ಲಿ ಸಿಡಿಲಿನ ಕಾಲ ಎಂದರೆ ಜುಲೈ ತಿಂಗಳ ಜಿಟಿಜಿಟಿ ಮಳೆಯ ಕಾಲವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆಯಿಂದ ಸುಡುಬಿಸಿಲು ಕಾದು, ಮಧ್ಯಾಹ್ನ ಮೂರರ ಮೇಲೆ ಗುಡ್ಡದ ನೆತ್ತಿಯಲ್ಲಿ ಕರಿಮೋಡ ಕಟ್ಟುತ್ತದಲ್ಲ, ಆ ಕಾಲ. ಮುಂಗಾರು ಹಿಂದೆ ಸರಿಯುವಾಗ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್‌ನಲ್ಲಿ, ಇನ್ನೊಂದು ಸುತ್ತು. ಮೊದಲನೆಯ ಸುತ್ತು ಸರಿಯಾಗಿ ನಮ್ಮ ಬೇಸಿಗೆ ರಜೆಗೇ ಬೀಳುತ್ತದೆ. ಪರೀಕ್ಷೆ ಮುಗಿದಿರುತ್ತದೆ, ಅಣ್ಣನ ಬೈಕ್ ಸಿಗುತ್ತದೆ, ಹೊಸಪೇಟೆಯಿಂದ ಹಂಪಿ ಸುಮಾರು 13 ಕಿಲೋಮೀಟರ್. ಸಂಡೂರು, ಕಂಪ್ಲಿ ಕಡೆಯ ಗೆಳೆಯರು ಮನೆಯವರ ಜೊತೆ ಹೊಲದಲ್ಲಿರುತ್ತಾರೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಆ ವರ್ಷ ಪ್ರಕೃತಿ ವಿಕೋಪಗಳಲ್ಲಿ ಅತಿ ಹೆಚ್ಚು ಜೀವ ತೆಗೆದದ್ದು ಪ್ರವಾಹವಲ್ಲ, ಬಿಸಿಗಾಳಿಯಲ್ಲ, ಸಿಡಿಲು. ಸುದ್ದಿಗಳನ್ನು ಓದಿ ನೋಡಿ, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ: ‘ಮಳೆ ಬಂದಿದ್ದರಿಂದ ಮರದ ಕೆಳಗೆ ನಿಂತಿದ್ದರು.’ ಅಪಾಯದ ಮೂಲ ಇರುವುದು ಇಲ್ಲೇ. ಮೋಡ ಕವಿದಾಗ ನಾವು ಓಡುವುದು ನೆನೆಯಬಾರದು ಎಂದು. ಬೇವಿನ ಮರ, ಕಲ್ಲುಮಂಟಪ, ಬಂಡೆಯ ಸಂದು, ಹೊಲದ ಗುಡಿಸಲು, ತಗಡಿನ ಬಸ್ ತಂಗುದಾಣ ಎಲ್ಲವೂ ಮಳೆಯಿಂದ ಕಾಪಾಡುತ್ತವೆ. ಸಿಡಿಲಿನಿಂದ ಇವುಗಳಲ್ಲಿ ಒಂದೂ ಕಾಪಾಡುವುದಿಲ್ಲ.

ಯಾಕೆಂದು ತಿಳಿಯಲು ದ್ವಿತೀಯ ಪಿಯು ಭೌತಶಾಸ್ತ್ರದ ಮೊದಲ ಪಾಠ ಸಾಕು. ಗುಡುಗುಮೋಡದೊಳಗೆ ಮಂಜಿನ ಹರಳುಗಳೂ ಆಲಿಕಲ್ಲಿನ ಚೂರುಗಳೂ ಒಂದಕ್ಕೊಂದು ತಿಕ್ಕಿ ಆವೇಶಗಳು ಬೇರೆಯಾಗುತ್ತವೆ. ಸಾಮಾನ್ಯವಾಗಿ ಮೋಡದ ತಳದಲ್ಲಿ ಋಣ ಆವೇಶ ಸೇರುತ್ತದೆ, ಅದರ ಕೆಳಗಿನ ನೆಲದಲ್ಲಿ ಧನ ಆವೇಶ ಪ್ರೇರಿತವಾಗುತ್ತದೆ. ಗಾಳಿ ತಡೆಯಲಾರದಷ್ಟಾದಾಗ ಮೋಡದಿಂದ ಕಣ್ಣಿಗೆ ಕಾಣದ ಒಂದು ಎಳೆ ಸುಮಾರು 50 ಮೀಟರ್ ಉದ್ದದ ಹೆಜ್ಜೆಗಳಲ್ಲಿ ಕೆಳಗಿಳಿಯುತ್ತದೆ. ಅದು ನೆಲಕ್ಕೆ ಹತ್ತಿರವಾದಾಗ ಮರ, ಕಂಬ, ಮನುಷ್ಯ, ಹೀಗೆ ಎತ್ತರದ ವಸ್ತುಗಳಿಂದ ಮೇಲ್ಮುಖವಾಗಿ ಎಳೆಗಳು ಹೊರಡುತ್ತವೆ. ಯಾವುದು ಮೊದಲು ಕೂಡಿಕೊಂಡಿತೋ ಅಲ್ಲಿ ಸಿಡಿಲು. ಆ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಅಷ್ಟೆ. ಕಾದ ಗಾಳಿ ಸ್ಫೋಟಿಸಿದಂತೆ ಹಿಗ್ಗುವ ಸದ್ದೇ ಗುಡುಗು.

ಈಗ ಮರದ ವಿಷಯ. ಮರಕ್ಕೆ ಹೊಡೆದರೆ ಅದರ ರಸ ಕ್ಷಣದಲ್ಲಿ ಆವಿಯಾಗಿ ತೊಗಟೆ ಸಿಡಿಯುತ್ತದೆ. ಆದರೆ ಕೆಳಗೆ ನಿಂತವರನ್ನು ಕೊಲ್ಲುವುದು ಅದಲ್ಲ. ಒದ್ದೆ ಕಾಂಡಕ್ಕಿಂತ ಉಪ್ಪುನೀರು ತುಂಬಿದ ನಮ್ಮ ಮೈ ವಿದ್ಯುತ್ತಿಗೆ ಸುಲಭದ ದಾರಿ. ಹಾಗಾಗಿ ಪ್ರವಾಹ ಕಾಂಡದಿಂದ ಪಕ್ಕಕ್ಕೆ ಜಿಗಿದು ಮನುಷ್ಯನ ಮೂಲಕ ಇಳಿಯುತ್ತದೆ. ಜಿಗಿಯದಿದ್ದರೂ ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಹೊಡೆದ ಜಾಗಕ್ಕೆ ಹತ್ತಿರವಿರುವ ಪಾದಕ್ಕೂ ದೂರವಿರುವ ಪಾದಕ್ಕೂ ವೋಲ್ಟೇಜ್ ಬೇರೆ. ಆ ವ್ಯತ್ಯಾಸವೇ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಕುರಿ, ದನಗಳ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು, ನಡುವೆ ಹೃದಯ. ಒಂದೇ ಸಿಡಿಲಿಗೆ ಹಿಂಡಿಗೆ ಹಿಂಡೇ ಮಲಗಿಬಿಡುವುದು ಇದಕ್ಕೇ. 2016ರ ಆಗಸ್ಟ್‌ನಲ್ಲಿ ನಾರ್ವೆಯ ಹರ್ದಾಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿ 323 ಹಿಮಸಾರಂಗಗಳು ಹೀಗೆ ಒಟ್ಟಿಗೆ ಸತ್ತವು. ನಮ್ಮ ಕುರಿಗಾಹಿಗಳು ಇದನ್ನು ಪುಸ್ತಕವಿಲ್ಲದೆಯೇ ಬಲ್ಲರು. ಆದರೂ ಮಳೆ ಬಂದರೆ ಹಿಂಡಿನ ಜೊತೆ ಅವರು ಹೋಗಿ ನಿಲ್ಲುವುದು ಬಯಲಿನ ಒಂಟಿ ಜಾಲಿಮರದ ಕೆಳಗೇ. ಬೇರೆ ಏನಿದೆ ಅಲ್ಲಿ?

ಹಂಪಿಗೆ ಬರೋಣ. ಸಂಜೆ ಸೂರ್ಯಾಸ್ತ ನೋಡಲು ಜನ ಹತ್ತುವುದು ಹೇಮಕೂಟ ಮತ್ತು ಮಾತಂಗ ಬೆಟ್ಟ. ಗುಡುಗು ಏಳುವ ಹೊತ್ತೂ ಅದೇ. ಮಾತಂಗದ ನೆತ್ತಿಯ ಮೇಲೆ ನಿಂತವನೇ ಆ ಸುತ್ತಿನ ಅತಿ ಎತ್ತರದ ತುದಿ. ಅಲ್ಲಿಂದ ಮೆಟ್ಟಿಲು ಇಳಿಯಲು ಇಪ್ಪತ್ತು ನಿಮಿಷವಾದರೂ ಬೇಕು, ಕಲ್ಲು ಒದ್ದೆಯಾದರೆ ಇನ್ನೂ ಹೆಚ್ಚು. ಹೇಮಕೂಟದ ಮೇಲೆ ಮಂಟಪಗಳಿವೆ. ನಾಲ್ಕು ಕಂಬ, ಮೇಲೊಂದು ಚಪ್ಪಡಿ, ಸುತ್ತ ಬಯಲು. ಹೊಡೆದ ವಿದ್ಯುತ್ತನ್ನು ನೆಲಕ್ಕೆ ಒಯ್ಯಲು ಅಲ್ಲಿ ತಂತಿಯೂ ಇಲ್ಲ, ಪೈಪೂ ಇಲ್ಲ. ಬಂಡೆಗಳ ಅಡಿಯ ಗವಿಯಂಥ ಜಾಗ ಇನ್ನೂ ಕೆಟ್ಟದ್ದು, ಬಂಡೆಯ ಮೇಲೆ ಹರಿದು ಬಂದ ವಿದ್ಯುತ್ತು ಗವಿಯ ಬಾಯಲ್ಲಿ ಕೂತವನ ತಲೆಯ ಮೂಲಕವೇ ನೆಲಕ್ಕೆ ಹಾರಬಹುದು. 2021ರ ಜುಲೈ 11ರ ಭಾನುವಾರ ಜೈಪುರದ ಅಂಬೇರ್ ಕೋಟೆಯ ಎದುರಿನ ಕಾವಲುಗೋಪುರದ ಮೇಲೆ ಮಳೆ ನೋಡುತ್ತ, ಫೋಟೊ ತೆಗೆಯುತ್ತ ನಿಂತಿದ್ದ ಕನಿಷ್ಠ 11 ಮಂದಿ ಸಿಡಿಲಿಗೆ ಸತ್ತರು. ಎತ್ತರದ ಜಾಗ, ಹಳೆಯ ಕಲ್ಲುಕಟ್ಟಡ, ರಜೆಯ ದಿನ. ಮಾತಂಗಕ್ಕೂ ಅಂಬೇರ್‌ಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಸಂಡೂರಿನವರು ಒಂದು ಪ್ರಶ್ನೆ ಕೇಳುತ್ತಾರೆ: ನಮ್ಮ ಗುಡ್ಡದಲ್ಲಿ ಕಬ್ಬಿಣದ ಅದಿರಿದೆ, ಅದು ಸಿಡಿಲನ್ನು ಎಳೆಯುತ್ತದೆಯೇ? ಮೋಡ ಅದಿರನ್ನು ಹುಡುಕಿಕೊಂಡು ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಎತ್ತರ. ಕುಮಾರಸ್ವಾಮಿ ಬೆಟ್ಟದ ಏಣಿನ ಮೇಲೆ ಬೈಕ್ ನಿಲ್ಲಿಸಿ ಮೋಡ ನೋಡುವವರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಕಂಪ್ಲಿಯದು ಇದಕ್ಕೆ ಉಲ್ಟಾ. ಅಲ್ಲಿ ಬೆಟ್ಟವಿಲ್ಲದಿರುವುದೇ ತೊಂದರೆ. ಕಾಲುವೆ ನೀರಿನ ಭತ್ತದ ಗದ್ದೆ ಕಣ್ಣು ಹರಿಯುವವರೆಗೂ ಚಪ್ಪಟೆ, ಬಗ್ಗಿ ಕೆಲಸ ಮಾಡುತ್ತಿದ್ದವರು ಎದ್ದು ನಿಂತರೆ ಅವರೇ ಎತ್ತರ, ಕಾಲ ಕೆಳಗೆ ನೀರು. ನದಿಯ ನಡುವೆ ಹರಿಗೋಲಿನಲ್ಲಿರುವವರ ಪಾಡೂ ಇದೇ. ತಳವಾರಘಟ್ಟದಲ್ಲಿ ದಾಟಲು ನಿಂತಾಗ ಆನೆಗೊಂದಿ ಕಡೆ ಮಿಂಚು ಕಂಡರೆ ಹತ್ತಬೇಡಿ.

ಹಾಗಾದರೆ ಎಲ್ಲಿಗೆ ಹೋಗುವುದು? ಎರಡೇ ಜಾಗ. ಗೋಡೆ, ಛಾವಣಿ, ವೈರಿಂಗ್, ನಳ ಇರುವ ಪಕ್ಕಾ ಕಟ್ಟಡ. ಇಲ್ಲವೇ ಗಾಜು ಮುಚ್ಚಿದ ಕಾರು ಅಥವಾ ಸಾರಿಗೆ ಬಸ್ಸು. ಕಾರು ಕಾಪಾಡುವುದು ಟೈರಿನ ರಬ್ಬರಿನಿಂದಲ್ಲ, ಮೋಡದಿಂದ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದದ್ದಕ್ಕೆ ನಾಲ್ಕು ಬೆರಳು ರಬ್ಬರ್ ಯಾವ ಲೆಕ್ಕ? ಸುತ್ತಲಿನ ಲೋಹದ ಕವಚದ ಹೊರಮೈಯಲ್ಲೇ ವಿದ್ಯುತ್ತು ಹರಿದುಹೋಗುತ್ತದೆ, ಒಳಗೆ ಬರುವುದಿಲ್ಲ. ಪಾಠದಲ್ಲಿ ಓದುವ ಫ್ಯಾರಡೆ ಪಂಜರ ಇದೇ. ಹಾಗಾಗಿ ಬೈಕ್, ಆಟೊ, ಟ್ರ್ಯಾಕ್ಟರ್, ವಿಠ್ಠಲ ದೇವಸ್ಥಾನಕ್ಕೆ ಓಡುವ ತೆರೆದ ಬ್ಯಾಟರಿ ವಾಹನ ಯಾವುದೂ ಆಸರೆಯಲ್ಲ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎನ್ನುವುದೂ ತಪ್ಪು. ಚಾರ್ಜರಿಗೆ ಸಿಕ್ಕಿಸಿಕೊಂಡು ಮಾತಾಡುವುದು ಮಾತ್ರ ಅಪಾಯ.

ಯಾವಾಗ ಹೊರಡಬೇಕು ಎನ್ನುವುದಕ್ಕೆ ಎಣಿಕೆ ಇದೆ. ಸದ್ದು 1 ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಹಂಪಿಯಲ್ಲಿ ನಿಂತು ಮಿಂಚು ಕಂಡ 12 ಸೆಕೆಂಡಿಗೆ ಗುಡುಗು ಕೇಳಿದರೆ ಅದು ಬಡಿದದ್ದು ಹೆಚ್ಚುಕಡಿಮೆ ಕಮಲಾಪುರದಷ್ಟು ದೂರದಲ್ಲಿ. 30 ಸೆಕೆಂಡಿನೊಳಗೆ, ಅಂದರೆ 10 ಕಿಲೋಮೀಟರಿನೊಳಗೆ ಇದ್ದರೆ ಮುಂದಿನದು ನಿಮ್ಮ ಮೇಲೇ ಇರಬಹುದು. ಇನ್ನೂ ಮಳೆ ಬಿದ್ದಿಲ್ಲ, ತಲೆಯ ಮೇಲೆ ಬಿಸಿಲಿದೆ ಎನ್ನುವುದು ನೆಪ. ನಿಜ ಹೇಳಬೇಕೆಂದರೆ ಎಣಿಸುವ ಅಗತ್ಯವೂ ಇಲ್ಲ, ಗುಡುಗು ಕೇಳಿತೆಂದರೆ ಹೊರಡಿ. ‘ಇದೊಂದು ಓವರ್ ಮುಗಿಸೋಣ’ ಎನ್ನುವ ನಾಯಕನ ಮಾತು ಕೇಳಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’, ಈ ಎರಡು ಆ್ಯಪ್‌ಗಳು ಹತ್ತಿರದ ಮಿಂಚಿನ ಎಚ್ಚರಿಕೆ ಕೊಡುತ್ತವೆ. ಬೆಟ್ಟ ಹತ್ತುವ ಮೊದಲು ನೋಡಬೇಕು, ಹತ್ತಿದ ಮೇಲೆ ನೋಡಿ ಪ್ರಯೋಜನವಿಲ್ಲ.

ಬಯಲಲ್ಲೇ ಸಿಕ್ಕಿಬಿದ್ದರೆ ಎತ್ತರದಿಂದ ಇಳಿಯಿರಿ, ನೀರು, ತಂತಿಬೇಲಿ, ಒಂಟಿಮರಗಳಿಂದ ದೂರ ಸರಿಯಿರಿ, ಗೆಳೆಯರು ಹದಿನೈದು ಇಪ್ಪತ್ತು ಮೀಟರ್ ಅಂತರದಲ್ಲಿ ಚದುರಿ ಕಟ್ಟಡದ ಕಡೆ ನಡೆಯುತ್ತಲೇ ಇರಿ. ಮಲಗಬೇಡಿ. ಕೂದಲು ನೆಟ್ಟಗಾಗಿ ಮೈ ಜುಮ್ಮೆಂದರೆ ಎರಡೂ ಪಾದ ಜೋಡಿಸಿ ತುದಿಗಾಲಲ್ಲಿ ಕುಕ್ಕರುಗಾಲು ಕೂತು ಕಿವಿ ಮುಚ್ಚಿಕೊಳ್ಳಿ. ಇದು ರಕ್ಷಣೆಯಲ್ಲ, ಬೇರೇನೂ ಉಳಿಯದಾಗಿನ ಕೊನೆಯ ಉಪಾಯ.

ಮಾಳಿಗೆಯೂ ಬಯಲೇ. ಒಣಹಾಕಿದ ಬಟ್ಟೆ, ಹಪ್ಪಳ, ಮೆಣಸಿನಕಾಯಿ ತರಲು ಗುಡುಗಿನಲ್ಲಿ ಅಮ್ಮ ಮೇಲೆ ಓಡುತ್ತಿದ್ದರೆ ತಡೆಯಿರಿ. ನಮ್ಮ ಮನೆಗಳಲ್ಲಿ ಗುಡುಗಿದಾಗ ಹಿರಿಯರು ದುಆ ಓದುತ್ತಾರೆ, ಪಕ್ಕದ ಮನೆಯಲ್ಲಿ ಅರ್ಜುನನ ಹೆಸರುಗಳನ್ನು ಹೇಳುತ್ತಾರೆ. ಕುರ್‌ಆನ್‌ನ 13ನೇ ಅಧ್ಯಾಯದ ಹೆಸರೇ ‘ಅರ್ರಅದ್’, ಅಂದರೆ ಗುಡುಗು. ದುಆ ಖಂಡಿತ ಓದೋಣ, ಒಳಗೆ ಬಂದು ಬಾಗಿಲು ಹಾಕಿ ಓದೋಣ. ಒಂಟೆಯನ್ನು ಮೊದಲು ಕಟ್ಟಬೇಕೆಂದು ನಮಗೆ ಕಲಿಸಿಲ್ಲವೇ?

ಕೊನೆಯದಾಗಿ, ಯಾರಿಗಾದರೂ ಬಡಿದರೆ. ಅವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಜನ ದೂರ ನಿಲ್ಲುತ್ತಾರೆ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿಯುವುದಿಲ್ಲ, ತಕ್ಷಣ ಮುಟ್ಟಬಹುದು. ಸಾವು ಬರುವುದು ಹೆಚ್ಚಾಗಿ ಹೃದಯ ಮತ್ತು ಉಸಿರು ನಿಲ್ಲುವುದರಿಂದ. ಹೃದಯ ತಾನಾಗಿ ಮತ್ತೆ ಶುರುವಾದರೂ ಉಸಿರು ತಡವಾಗಿ ಬರುತ್ತದೆ, ಆ ನಡುವಿನ ನಿಮಿಷಗಳಲ್ಲೇ ಜೀವ ಹೋಗುತ್ತದೆ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲಿ. ಕಲಿತವರಿದ್ದರೆ 30 ಬಾರಿ ಒತ್ತಿದ ಮೇಲೆ 2 ಸಲ ಬಾಯಿಂದ ಉಸಿರು ಕೊಡಲಿ. ಹಲವರು ಬಿದ್ದಿದ್ದರೆ ನರಳುವವರ ಬಳಿ ಮೊದಲು ಓಡಬೇಡಿ, ಅವರಿಗೆ ಉಸಿರಿದೆ. ಸತ್ತಂತೆ ಸುಮ್ಮನೆ ಬಿದ್ದವರಿಂದ ಶುರುಮಾಡಿ. ಎದ್ದು ಕೂತು ‘ನನಗೇನೂ ಆಗಿಲ್ಲ’ ಎಂದವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು, ಕಿವಿತಮಟೆ ಹರಿದಿರಬಹುದು, ಎದೆಬಡಿತ ತಪ್ಪಿರಬಹುದು, ಅದು ಇಸಿಜಿ ಮಾಡಿದ ಮೇಲೆಯೇ ತಿಳಿಯುತ್ತದೆ.