ಗಿಣ್ಣು ಗಟ್ಟಿಯಾಗುವುದೇಕೆ? ಕರುವಿಗೆ ಹಸಿಯಾಗಿಯೇ ಕುಡಿಸುವುದೇಕೆ?

ಅಕ್ಕ-ತಂಗಿಯರೇ, ಹಸು ಕರು ಹಾಕಿದ ಮನೆಯಲ್ಲಿ ಗಿಣ್ಣು ಮಾಡದವರು ಕಡಿಮೆ. ಮಾಮೂಲಿ ಹಾಲು ಕಾಯಿಸಿದರೆ ಉಕ್ಕುತ್ತದೆ, ಗಿಣ್ಣು ಹಾಲು ಕಾಯಿಸಿದರೆ ಗಟ್ಟಿಯಾಗುತ್ತದೆ. ಏಕೆಂದು ಯೋಚಿಸಿದ್ದೀರಾ?

ಗಿಣ್ಣು ಹಾಲಿನಲ್ಲಿ ಪ್ರೋಟೀನು ಹೆಚ್ಚು. ಪ್ರೋಟೀನೆಂದರೆ ಕಣ್ಣಿಗೆ ಕಾಣದ ಮಣಿಸರ. ಅದು ಸುತ್ತಿಕೊಂಡು ಒಂದು ಆಕಾರ ಪಡೆದಿರುತ್ತದೆ. ಆಕಾರ ಕೆಟ್ಟರೆ ಕೆಲಸವೂ ಕೆಟ್ಟಿತು.

ಈ ಸರ ಒಳಗೊಳಗೇ ಅಲುಗಾಡುತ್ತದೆಯೇ? 1977ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಟಿನ್ ಕಾರ್ಪ್ಲಸ್ ಮತ್ತು ಜೊತೆಗಾರರು ಇದನ್ನು ಕಂಪ್ಯೂಟರಿನಲ್ಲಿ ನೋಡಿದರು. ಆರಿಸಿಕೊಂಡಿದ್ದು ದನದ ಮೇದೋಜೀರಕ ಗ್ರಂಥಿಯ ಒಂದು ಪುಟ್ಟ ಪ್ರೋಟೀನು. ಅದರಲ್ಲಿ 58 ಮಣಿಗಳು. ಒಂದೊಂದು ಪರಮಾಣುವನ್ನು ಅಕ್ಕಪಕ್ಕದವು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಎಂದು ಲೆಕ್ಕ ಹಾಕುವುದು, ತುಸು ಸರಿಸುವುದು, ಮತ್ತೆ ಲೆಕ್ಕ ಹಾಕುವುದು. ಹೀಗೆ ಸಾವಿರಾರು ಸಲ ಮಾಡಿದಾಗ ಸಿಕ್ಕಿದ್ದು ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು 9 ಪಾಲಿನಷ್ಟು ಹೊತ್ತಿನ ಚಲನೆ. ಅಷ್ಟರಲ್ಲೇ ಗೊತ್ತಾಯಿತು: ಪ್ರೋಟೀನು ಕಲ್ಲಿನಂತಲ್ಲ, ಸದಾ ಮಿಸುಕಾಡುತ್ತದೆ. ಅಣುಗಳನ್ನು ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುವ ವಿಧಾನಗಳಿಗಾಗಿ 2013ರಲ್ಲಿ ಕಾರ್ಪ್ಲಸ್ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂತು.

ಈಗ ಒಲೆಯ ಮುಂದೆ ಬನ್ನಿ. ಬಿಸಿ ಏರಿದಂತೆ ಈ ಮಿಸುಕಾಟವೂ ಏರುತ್ತದೆ. ಸುತ್ತಿಕೊಂಡ ಸರಗಳು ಬಿಚ್ಚಿ, ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಅದೇ ನಿಮ್ಮ ಪಾತ್ರೆಯ ಗಿಣ್ಣು. ತಣ್ಣಗಾದರೂ ಅವು ಮೊದಲಿನ ಆಕಾರಕ್ಕೆ ಮರಳುವುದಿಲ್ಲ.

ಕರುವಿಗೆ ರೋಗದಿಂದ ಕಾವಲು ಕೊಡುವ ಪ್ರತಿಕಾಯಗಳೂ ಪ್ರೋಟೀನುಗಳೇ. ಕರು ಹುಟ್ಟುವಾಗ ಅವು ಅದರ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ತಾಯಿಯ ಗಿಣ್ಣಿನಿಂದಲೇ ಬರಬೇಕು. ಅವು ಕರುಳಿನಲ್ಲಿ ಜೀರ್ಣವಾಗಿ ಹೋಗದಂತೆ ಕಾಯುವ ಪ್ರೋಟೀನೂ ಗಿಣ್ಣಿನಲ್ಲಿದೆ. ಅದು ಕಾರ್ಪ್ಲಸ್ ಆರಿಸಿಕೊಂಡ ಪ್ರೋಟೀನಿನ ನೆಂಟನೇ. ಕುದಿಸಿದರೆ ಪ್ರತಿಕಾಯಗಳು ಕೆಲಸಕ್ಕೆ ಬಾರವು.

ಆದ್ದರಿಂದ:

• ಕರು ಹುಟ್ಟಿದ 1–2 ಗಂಟೆಯೊಳಗೆ, ಕಸ ಬೀಳಲಿ ಎಂದು ಕಾಯದೆ, ಗಿಣ್ಣು ಕುಡಿಸಿ.
• ಕಾಯಿಸಬೇಡಿ. ಕೆಚ್ಚಲು ತೊಳೆದು, ಕರೆದ ಬಿಸಿಯಲ್ಲೇ ಕುಡಿಸಿ.
• ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲು ಬೇಕು. 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಎರಡು-ಮೂರು ಸಲವಾಗಿ.
• ತಡ ಮಾಡಬೇಡಿ. ಪ್ರತಿಕಾಯ ಹೀರುವ ಶಕ್ತಿ ಗಂಟೆಗಂಟೆಗೂ ಇಳಿಯುತ್ತದೆ, ಒಂದು ದಿನ ಕಳೆದರೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಕರುವಿನ ಪಾಲು ಮೊದಲು ಅದರ ಹೊಟ್ಟೆ ಸೇರಲಿ. ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ.