ಯಂತ್ರ ಅಳಿಯಿತು, ನಾದ ಉಳಿಯಿತು

ಪ್ಯಾರಿಸ್ ನಗರದ ನಡುವೆ, ಪಾಂಪಿಡು ಕಲಾಕೇಂದ್ರದ ಮಗ್ಗುಲಲ್ಲಿ, ನೆಲದ ಮಟ್ಟಕ್ಕಿಂತ ಕೆಳಗೆ ಒಂದು ವಿಲಕ್ಷಣ ಸಂಸ್ಥೆಯಿದೆ. ಅದರ ಹೆಸರು ಇರ್ಕಾಮ್. ಪ್ರಖ್ಯಾತ ಸಂಗೀತ ರಚನಕಾರ ಪಿಯೆರ್ ಬುಲೆಜ್ ಅವರು ಸ್ಥಾಪಿಸಿ, ೧೯೭೭ರಲ್ಲಿ ಬಾಗಿಲು ತೆರೆದ ಈ ಸಂಸ್ಥೆಯಲ್ಲಿ ಸಂಗೀತಗಾರರೂ ವಿಜ್ಞಾನಿಗಳೂ ಒಂದೇ ಸೂರಿನಡಿ ಕುಳಿತು ದುಡಿಯುತ್ತಾರೆ. ಕಛೇರಿಯಲ್ಲಿ ಕೊಳಲು ನುಡಿಯುತ್ತಿರುವಾಗಲೇ ಯಂತ್ರವು ಅದನ್ನು ಆಲಿಸಬೇಕು. ಆ ನಾದವನ್ನು ಮಾರ್ಪಡಿಸಿ, ಹಲವು ಪಟ್ಟಾಗಿ ಹರಡಿ, ಆ ಕ್ಷಣದಲ್ಲೇ ಸಭೆಗೆ ಹಿಂದಿರುಗಿಸಬೇಕು. ಇದು ಅಲ್ಲಿನವರ ಹಂಬಲ.

ಹಂಬಲವೇನೋ ದೊಡ್ಡದು. ಆದರೆ ಅದಕ್ಕೆ ಅಡ್ಡಬಂದು ನಿಂತದ್ದು ಅತಿ ಚಿಕ್ಕದೊಂದು ವಸ್ತು: ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಕಾಲ!

ತಡವಾದರೆ ತಾಳ ತಪ್ಪಿತು

ಗಣಕಯಂತ್ರಕ್ಕೆ ನಾದವೆಂದರೆ ಸಂಖ್ಯೆಗಳ ಸಾಲು. ಮೈಕಿನಿಂದ ಬಂದ ಕಂಪನವನ್ನು ಸೆಕೆಂಡಿಗೆ ೪೪,೧೦೦ ಸಲವೋ ೪೮,೦೦೦ ಸಲವೋ ಅಳೆದು, ಒಂದೊಂದು ಅಳತೆಯನ್ನೂ ಒಂದೊಂದು ಸಂಖ್ಯೆಯಾಗಿ ಬರೆದುಕೊಳ್ಳಲಾಗುತ್ತದೆ. ದನಿಗೆ ಕಲ್ಲುಮಂಟಪದ ಅನುರಣನ ಕೊಡುವುದಿರಲಿ, ಕರ್ಕಶತೆಯನ್ನು ತಗ್ಗಿಸುವುದಿರಲಿ, ಎಲ್ಲವೂ ಈ ಸಂಖ್ಯೆಗಳನ್ನು ಗುಣಿಸಿ ಕೂಡಿಸುವ ಲೆಕ್ಕವೇ. ಮುದ್ರಣ ಮುಗಿದ ಹಾಡಿಗೆ ಈ ಲೆಕ್ಕವನ್ನು ಇಡೀ ರಾತ್ರಿ ಮಾಡುತ್ತ ಕುಳಿತರೂ ಬಾಧಕವಿಲ್ಲ. ಕಲಾವಿದನು ನುಡಿಸುತ್ತಿರುವಾಗ ಹಾಗಲ್ಲ. ಮುಂದಿನ ಸಂಖ್ಯೆ ಬಂದು ಬಾಗಿಲು ತಟ್ಟುವುದರೊಳಗೆ ಹಿಂದಿನದರ ಲೆಕ್ಕ ತೀರಿರಬೇಕು.

ಸಾಧಾರಣ ಗಣಕವು ದೊಡ್ಡ ಕುಟುಂಬದ ಯಜಮಾನನಂತೆ. ತೆರೆಯ ಮೇಲೆ ಚಿತ್ರ ಬಿಡಿಸಬೇಕು, ಕೀಲಿಮಣೆಯ ಕರೆಗೆ ಓಗೊಡಬೇಕು, ಕಡತಗಳನ್ನು ಕಾಯಬೇಕು. ನಾದದ ಲೆಕ್ಕ ಆ ನೂರು ಕೆಲಸಗಳಲ್ಲಿ ಒಂದು ಮಾತ್ರ. ಆದುದರಿಂದ ಅದು ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಎತ್ತಿಕೊಳ್ಳದೆ, ಕಂತೆ ಕಟ್ಟಿ ಎತ್ತಿಕೊಳ್ಳುತ್ತದೆ. ಸೆಕೆಂಡಿಗೆ ೪೮,೦೦೦ದ ವೇಗದಲ್ಲಿ ೧,೦೨೪ ಸಂಖ್ಯೆಗಳ ಕಂತೆಯೊಂದು ತುಂಬಲು ೨೧ ಮಿಲಿಸೆಕೆಂಡು ಹಿಡಿಯುತ್ತದೆ. ಒಳಬರುವಾಗ ಒಂದು ಕಂತೆ, ಹೊರಹೋಗುವಾಗ ಇನ್ನೊಂದು; ಒಟ್ಟು ೪೨ ಮಿಲಿಸೆಕೆಂಡಿಗೂ ಹೆಚ್ಚು. ಗಾಳಿಯಲ್ಲಿ ನಾದವು ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುತ್ತದೆ. ಆ ಲೆಕ್ಕದಂತೆ, ಹೆಡ್‌ಫೋನ್ ಧರಿಸಿ ಹಾಡುವ ಗಾಯಕಿಗೆ ತನ್ನದೇ ದನಿ ೧೪ ಮೀಟರು ಆಚೆ ನಿಂತ ಬೇರೊಬ್ಬಳ ದನಿಯಂತೆ ತಡವಾಗಿ ಕೇಳಿಸುವುದು. ಹೀಗಾದರೆ ತಾಳ ನಿಲ್ಲುವುದೆಂತು? ಶ್ರುತಿ ಕೂಡುವುದೆಂತು?

ಕಂತೆಯನ್ನು ೬೪ ಸಂಖ್ಯೆಗಳಿಗೆ ಇಳಿಸಿದರೆ ಆ ದೂರ ಒಂದು ಮೀಟರಿಗಿಂತ ಕಡಿಮೆಯಾಗುತ್ತದೆ. ಆದರೆ ಆಗ ಯಜಮಾನನಿಗೆ ಉಸಿರಾಡಲೂ ಬಿಡುವಿಲ್ಲ. ಒಮ್ಮೆ ಎಡವಿದರೂ ಸಾಕು, ‘ಚಟ್’ ಎಂಬ ಸದ್ದೊಂದು ಮುದ್ರಣವನ್ನು ಕೆಡಿಸಿಬಿಡುತ್ತದೆ.

ಈ ತೊಡಕಿಗೆ ಕಂಡುಕೊಂಡ ಪರಿಹಾರವೇ ಒಂದೇ ಕಸುಬಿನ ಯಂತ್ರ. ಡಿಜಿಟಲ್ ಸಿಗ್ನಲ್ ಪ್ರೊಸೆಸರ್, ಸಂಕ್ಷೇಪವಾಗಿ ಡಿ.ಎಸ್.ಪಿ., ಎಂದು ಅದಕ್ಕೆ ಹೆಸರು. ಗುಣಿಸುವುದು, ಕೂಡಿಸುವುದು, ಇವೆರಡನ್ನೂ ಒಂದೇ ಏಟಿಗೆ ಮುಗಿಸುವಂತೆ ಅದರ ಅಂಗರಚನೆ. ಅದಕ್ಕೆ ಚಿತ್ರ ಬಿಡಿಸುವ ಗೊಡವೆಯಿಲ್ಲ, ಕಡತ ಕಾಯುವ ಚಿಂತೆಯಿಲ್ಲ. ಕೊಟ್ಟ ಲೆಕ್ಕಕ್ಕೆ ಎಷ್ಟು ಹೊತ್ತು ಬೇಕೆಂದು ಮೊದಲೇ ಖಚಿತವಾಗಿ ಹೇಳಬಹುದು. ವೇಗಕ್ಕಿಂತಲೂ ಈ ಭರವಸೆಯೇ ಅದರ ಬಂಡವಾಳ.

ನೆಲಮಾಳಿಗೆಯ ಮಹಾಯಂತ್ರ

ಗಣಕದಿಂದ ಸಂಗೀತ ಹೊರಟದ್ದು ಇರ್ಕಾಮ್ ಹುಟ್ಟುವುದಕ್ಕೆ ಎಷ್ಟೋ ಮೊದಲು. ೧೯೫೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಎಂಜಿನಿಯರು ಐ.ಬಿ.ಎಂ. ೭೦೪ ಎಂಬ ಗಣಕದ ನೆರವಿನಿಂದ ೧೭ ಸೆಕೆಂಡುಗಳ ಸಂಗೀತವನ್ನು ಹೊರತಂದರು. ಲೆಕ್ಕ ನಡೆದದ್ದು ನ್ಯೂಯಾರ್ಕಿನಲ್ಲಿ. ಸಂಖ್ಯೆಗಳ ಟೇಪನ್ನು ನ್ಯೂಜೆರ್ಸಿಯ ಪ್ರಯೋಗಾಲಯಕ್ಕೆ ಒಯ್ದು, ಅಲ್ಲಿ ನಾದವಾಗಿ ಪರಿವರ್ತಿಸಬೇಕಾಯಿತು. ಮಗು ಹುಟ್ಟಿದ್ದು ಒಂದು ಮನೆಯಲ್ಲಿ, ಅತ್ತದ್ದು ಇನ್ನೊಂದು ಮನೆಯಲ್ಲಿ! ಇಂಥ ಯಂತ್ರವನ್ನು ಕಛೇರಿಯಲ್ಲಿ ಪಕ್ಕವಾದ್ಯಕ್ಕೆ ಕೂರಿಸುವ ಮಾತೇ ಇರಲಿಲ್ಲ.

ಇರ್ಕಾಮಿನಲ್ಲಿ ಈ ಕೊರತೆಯನ್ನು ನೀಗಿದವರು ಇಟಲಿಯ ಭೌತವಿಜ್ಞಾನಿ ಜ್ಯುಸೆಪ್ಪೆ ದಿ ಜ್ಯೂನ್ಯೊ. ೧೯೭೬ರಿಂದ ಒಂದಾದ ಮೇಲೊಂದು ನಾದಯಂತ್ರವನ್ನು ಕಟ್ಟುತ್ತ ಬಂದ ಅವರು ಕೊನೆಗೆ ‘ಫೋರ್-ಎಕ್ಸ್’ ಎಂಬ ಮಹಾಯಂತ್ರವನ್ನು ನಿರ್ಮಿಸಿದರು. ನಾದದ ಲೆಕ್ಕವನ್ನು ಬಿಟ್ಟರೆ ಬೇರೇನನ್ನೂ ಅರಿಯದ ಯಂತ್ರ ಅದು. ೧೯೮೧ರಲ್ಲಿ ಜರ್ಮನಿಯ ಡೊನೌಎಶಿಂಗೆನ್ ಉತ್ಸವದಲ್ಲಿ ಬುಲೆಜ್ ಅವರ ‘ರೆಪೋನ್’ ಎಂಬ ಕೃತಿಯ ಪ್ರಥಮ ಪ್ರಯೋಗ ನಡೆಯಿತು. ನಡುವೆ ೨೪ ಮಂದಿಯ ವಾದ್ಯವೃಂದ, ಅದರ ಸುತ್ತ ಶ್ರೋತೃಗಳು, ಅವರಿಗೂ ಆಚೆ ಅಂಚಿನಲ್ಲಿ ಆರು ಮಂದಿ ಏಕವಾದಕರು. ಆ ಆರು ವಾದ್ಯಗಳ ನಾದವನ್ನು ಹಿಡಿದು, ಮಾರ್ಪಡಿಸಿ, ಸಭಾಂಗಣದ ಸುತ್ತ ಸಂಚರಿಸುವಂತೆ ಮಾಡಿದ್ದು ಈ ಯಂತ್ರ.

ಫಿಲಿಪ್ ಮನೂರಿ ಎಂಬ ರಚನಕಾರರು ೧೯೮೭ರಲ್ಲಿ ಕೊಳಲಿಗಾಗಿ ‘ಜುಪಿಟರ್’ ಎಂಬ ಕೃತಿಯನ್ನೂ, ೧೯೮೮ರಲ್ಲಿ ಪಿಯಾನೋಗಾಗಿ ‘ಪ್ಲುಟನ್’ ಎಂಬ ಕೃತಿಯನ್ನೂ ಈ ಯಂತ್ರಕ್ಕಾಗಿ ಬರೆದರು. ಅವರ ಜೊತೆಗೂಡಿದವರು ಮಿಲ್ಲರ್ ಪಕೆಟ್ ಎಂಬ ಅಮೆರಿಕದ ಗಣಿತಜ್ಞರು. ಕೊಳಲಿನವನು ಸ್ವರಲಿಪಿಯಲ್ಲಿ ಎಲ್ಲಿದ್ದಾನೆಂಬುದನ್ನು ಯಂತ್ರವೇ ಆಲಿಸಿ ತಿಳಿದು, ಅವನ ಹಿಂದೆ ನಡೆಯುವಂತೆ ಅವರು ಏರ್ಪಡಿಸಿದರು. ಮುದ್ರಿತ ಟೇಪಿನ ಹಿಂದೆ ಓಡಬೇಕಾದ ಸೆರೆ ಕಲಾವಿದನಿಗೆ ತಪ್ಪಿತು. ಪಳಗಿದ ಪಕ್ಕವಾದ್ಯದವನಂತೆ ಯಂತ್ರವೇ ಅವನಿಗಾಗಿ ಕಾಯತೊಡಗಿತು. ಮಹಾಯಂತ್ರಕ್ಕೆ ಆಜ್ಞೆ ಕೊಡಲು ಪಕೆಟ್ ಅವರು ಪುಟ್ಟ ಮ್ಯಾಕಿಂತೋಷ್ ಗಣಕದಲ್ಲಿ ಒಂದು ತಂತ್ರಾಂಶವನ್ನು ಬರೆದರು. ಹಿರಿಯ ಮ್ಯಾಥ್ಯೂಸರ ಗೌರವಾರ್ಥ ಅದಕ್ಕಿಟ್ಟ ಹೆಸರು ‘ಮ್ಯಾಕ್ಸ್’.

ಯಂತ್ರಕ್ಕೂ ಆಯುಷ್ಯವುಂಟು

ಆದರೆ ಒಂದೇ ಕಸುಬಿನವನಲ್ಲಿ ಒಂದು ಗಂಡಾಂತರವಿದೆ. ಅವನು ಇಲ್ಲವಾದರೆ ಅವನ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ. ೧೯೯೦ರ ಸುಮಾರಿಗೆ ಫೋರ್-ಎಕ್ಸ್ ಯಂತ್ರಕ್ಕೆ ವಯಸ್ಸಾಯಿತು. ಮೊಜಾರ್ಟನ ಕೃತಿಯನ್ನು ಯಾವ ಪಿಯಾನೋದ ಮೇಲಾದರೂ ನುಡಿಸಬಹುದು. ‘ಪ್ಲುಟನ್’ ಕೃತಿಯ ಅರ್ಧ ಸಂಗೀತ ಮಾತ್ರ ಕಾಗದದ ಮೇಲೆ ಇತ್ತು, ಉಳಿದರ್ಧ ಆ ಯಂತ್ರದ ಒಡಲಲ್ಲಿತ್ತು. ಹತ್ತು ವರ್ಷವೂ ತುಂಬದ ಕೃತಿಗಳು ಅನಾಥವಾಗುವ ಕಾಲ ಬಂದಿತು. ಆಗ ಇರ್ಕಾಮಿನವರು ನೆಕ್ಸ್ಟ್ ಎಂಬ ಗಣಕದೊಳಗೆ ವಿಶೇಷ ಫಲಕಗಳನ್ನು ಜೋಡಿಸಿ ಹೊಸ ಯಂತ್ರವೊಂದನ್ನು ಸಿದ್ಧಪಡಿಸಿ, ಕೃತಿಗಳನ್ನು ಅದಕ್ಕೆ ವರ್ಗಾಯಿಸಿದರು. ವಿಧಿಯಾಟ ನೋಡಿ: ನೆಕ್ಸ್ಟ್ ಸಂಸ್ಥೆ ೧೯೯೩ರಲ್ಲಿ ಗಣಕ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿತು!

ಈ ಸಂಕಟ ಪ್ಯಾರಿಸಿನವರಿಗೆ ಮಾತ್ರ ಮೀಸಲಾಗಿರಲಿಲ್ಲ. ಅಮೆರಿಕದ ಡಿಜಿಡಿಸೈನ್ ಸಂಸ್ಥೆ ೧೯೯೧ರಲ್ಲಿ ‘ಪ್ರೊ ಟೂಲ್ಸ್’ ಎಂಬ ಧ್ವನಿಮುದ್ರಣ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಆರಂಭದಲ್ಲಿ ನಾಲ್ಕೇ ನಾದಪಥಗಳು, ಬೆಲೆ ೬,೦೦೦ ಡಾಲರು. ಮ್ಯಾಕಿಂತೋಷಿಗೆ ಆಗ ಇಷ್ಟು ಲೆಕ್ಕ ಹೊರುವ ತ್ರಾಣವಿರಲಿಲ್ಲ, ಡಿ.ಎಸ್.ಪಿ. ಫಲಕಗಳೇ ಭಾರ ಹೊರುತ್ತಿದ್ದವು. ಈ ಫಲಕಗಳು ಗಣಕದ ನ್ಯೂಬಸ್ ಎಂಬ ಗೂಡುಗಳಲ್ಲಿ ಕೂರುತ್ತಿದ್ದವು. ೧೯೯೫ರಿಂದ ಆಪಲ್ ಸಂಸ್ಥೆ ಆ ಗೂಡನ್ನು ಕೈಬಿಟ್ಟು ಪಿ.ಸಿ.ಐ. ಎಂಬ ಬೇರೆ ಗೂಡನ್ನು ಅಳವಡಿಸತೊಡಗಿತು. ಫಲಕ ಚೆನ್ನಾಗಿಯೇ ಇದೆ, ಕೂರಲು ಜಾಗವಿಲ್ಲ! ೨೦೧೩ರ ಮ್ಯಾಕ್ ಪ್ರೊ ಗಣಕದಲ್ಲಂತೂ ಇಂಥ ಗೂಡುಗಳೇ ಇರಲಿಲ್ಲ. ಸಾಲ ಮಾಡಿ ಫಲಕ ಕೊಂಡ ಚಿಕ್ಕ ಸ್ಟುಡಿಯೋದವರ ಪಾಡು ಊಹಿಸಿಕೊಳ್ಳಬಹುದು.

ಯಜಮಾನನ ಪ್ರಾಯ

ಇಷ್ಟರಲ್ಲಿ ಸಾಧಾರಣ ಗಣಕ ಸುಮ್ಮನೆ ಕುಳಿತಿರಲಿಲ್ಲ. ವರ್ಷವರ್ಷಕ್ಕೂ ಬಲಿಯುತ್ತ ಬಂದಿತ್ತು. ೧೯೯೬ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ‘ಕ್ಯೂಬೇಸ್ ವಿ.ಎಸ್.ಟಿ.’ ಎಂಬ ತಂತ್ರಾಂಶವನ್ನು ಹೊರತಂದು, ಡಿ.ಎಸ್.ಪಿ. ಫಲಕದ ಹಂಗಿಲ್ಲದೆ ಗಣಕವೇ ನಾದವನ್ನು ಮಿಶ್ರಮಾಡಿ ಸಂಸ್ಕರಿಸಬಲ್ಲುದೆಂದು ತೋರಿಸಿತು. ಪ್ರೊ ಟೂಲ್ಸ್ ಕೂಡ ೨೦೧೦ರಲ್ಲಿ ತನ್ನದೇ ಯಂತ್ರ ಜೊತೆಗಿರಬೇಕೆಂಬ ನಿಬಂಧನೆಯನ್ನು ಸಡಿಲಿಸಿತು.

ಅದೇ ೧೯೯೬ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಗೆ ಬಂದಿದ್ದ ಪಕೆಟ್ ಅವರು ‘ಪ್ಯೂರ್ ಡೇಟಾ’ ಎಂಬ ಹೊಸ ತಂತ್ರಾಂಶವನ್ನು ಲೋಕದ ಮುಂದಿಟ್ಟರು. ಅದಕ್ಕೆ ಬೆಲೆಯಿಲ್ಲ, ಗುಟ್ಟಿಲ್ಲ. ಬೇಕಾದವರು ಒಳಗಿನ ಬರವಣಿಗೆಯನ್ನೇ ಓದಿ ತಿದ್ದಿಕೊಳ್ಳಬಹುದು. ಬಳಿಕ ಅವರು ಹಳೆಯ ಕೃತಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡರು. ಯಂತ್ರವು ಮಾಡುತ್ತಿದ್ದುದೇನು ಎಂಬುದನ್ನು ಶುದ್ಧ ಲೆಕ್ಕವಾಗಿ ಬಿಡಿಸಿ ಬರೆದರು. ‘ಜುಪಿಟರ್’ ಮತ್ತು ‘ಪ್ಲುಟನ್’ ಕೃತಿಗಳು ಹೀಗೆ ಮರುಜನ್ಮ ಪಡೆದವು. ಸ್ವರಲಿಪಿ ರಾಗವನ್ನು ಕಾಪಾಡುವಂತೆ, ಈ ಬರಹ ನಾದದ ಮಾರ್ಪಾಡನ್ನು ಕಾಪಾಡುತ್ತದೆ. ನಾಳೆ ಈ ಗಣಕವೂ ಅಳಿಯಲಿ, ಬರಹವನ್ನು ಓದಬಲ್ಲ ಇನ್ನೊಂದು ಗಣಕ ಅದನ್ನು ನುಡಿಸುವುದು.

ಕಸುಬಿನವನ ಪಾಲು

ಹಾಗಾದರೆ ಒಂದೇ ಕಸುಬಿನ ಯಂತ್ರದ ಕಾಲ ಮುಗಿಯಿತೆ? ಇಲ್ಲ. ೨೦೧೧ರಲ್ಲಿ ಬಂದ ಪ್ರೊ ಟೂಲ್ಸ್ ಎಚ್.ಡಿ.ಎಕ್ಸ್. ಫಲಕವೊಂದರಲ್ಲಿಯೇ ೧೮ ಡಿ.ಎಸ್.ಪಿ.ಗಳಿದ್ದವು. ತುಂಬಿದ ವಾದ್ಯವೃಂದ ಏಕಕಾಲಕ್ಕೆ ಮುದ್ರಣಕ್ಕೆ ಕುಳಿತಾಗ, ಒಂದು ‘ಚಟ್’ ಸದ್ದಿಗೂ ಎಡೆಯಿರಬಾರದೆಂಬಲ್ಲಿ, ಅದರ ಭರವಸೆಗೆ ಬೆಲೆಯುಂಟು. ಮನೆಯ ಹಿರಿಯರು ಧರಿಸುವ ಶ್ರವಣಸಾಧನದೊಳಗೂ ದುಡಿಯುತ್ತಿರುವುದು ಇಂಥ ಡಿ.ಎಸ್.ಪಿ.ಯೇ. ಕಡಲೆಕಾಳಿನಷ್ಟು ವಿದ್ಯುತ್ಕೋಶದಿಂದ ದಿನಗಟ್ಟಲೆ, ತಡವಿಲ್ಲದೆ ನಡೆಯಬೇಕಾದ ಕೆಲಸ ಅದು.

ಆದರೆ ಮನೆಯ ಕೋಣೆಯಲ್ಲಿ ಕುಳಿತು ಒಂದು ದನಿ, ಒಂದು ವಾದ್ಯವನ್ನು ಮುದ್ರಿಸುವವರು ಇಂದು ದುಬಾರಿ ಫಲಕಕ್ಕಾಗಿ ಹಂಬಲಿಸಬೇಕಾಗಿಲ್ಲ. ಹಾಡುವಾಗ ಕಂತೆಯನ್ನು ಕಿರಿದು ಮಾಡಿ, ಹಾಡು ಮುಗಿದ ಮೇಲೆ ಸಂಸ್ಕರಣಕ್ಕೆ ಅದನ್ನು ಹಿರಿದು ಮಾಡಿಕೊಂಡರೆ ಸಾಧಾರಣ ಗಣಕವೇ ಸಾಕು. ಯಾವ ಯಂತ್ರದಲ್ಲಿ ದುಡಿದರೂ ಒಂದು ಎಚ್ಚರ ಮಾತ್ರ ಅಗತ್ಯ: ಸಂಸ್ಕರಿಸಿ ಮುಗಿದ ನಾದವನ್ನೂ ಅದರ ಮೂಲವನ್ನೂ ಎಲ್ಲ ಗಣಕಗಳೂ ಓದಬಲ್ಲ ರೂಪದಲ್ಲಿ ಬೇರೆಯಾಗಿ ತೆಗೆದಿಡಬೇಕು. ಒಂದು ಕಾಲಕ್ಕೆ ಪ್ಯಾರಿಸಿನ ಮಹಾಯಂತ್ರವೊಂದನ್ನೇ ನೆಚ್ಚಿದ್ದ ‘ಪ್ಲುಟನ್’ ಇಂದು ತೊಡೆಯ ಮೇಲಿನ ಗಣಕದಲ್ಲಿ ನುಡಿಯಬಲ್ಲುದಾದರೆ, ಅದಕ್ಕೆ ಕಾರಣ ಅದನ್ನು ಯಂತ್ರದಿಂದ ಬಿಡಿಸಿ ಬರೆದಿಟ್ಟವರ ಶ್ರಮ.