ಹಳೆಯ ಕಾರು, ಬೇರೆ ಇಂಜಿನ್ನು, ಮೂರು ಮುಳ್ಳುಗಳು

ಹಳೆಯ ಕಾರಿಗೆ ಬೇರೆ ಇಂಜಿನ್ನು ಕೂರಿಸುವಾಗ ಮನೆಯವರ ಗಮನವೆಲ್ಲ ಬಾನೆಟ್ಟಿನ ಕೆಳಗೇ ನಿಂತಿರುತ್ತದೆ. ಗೇರ್‌ಬಾಕ್ಸು ಹೊಂದೀತೆ, ರೇಡಿಯೇಟರು ಸಾಕಾದೀತೆ, ಖರ್ಚು ಎಷ್ಟಾದೀತು ಎಂಬುವು ಸಹಜವಾದ ಪ್ರಶ್ನೆಗಳೇ. ಆದರೆ ಕೆಲಸ ಮುಗಿದು ಕಾರು ರಸ್ತೆಗಿಳಿದ ಮೇಲೆ ಇಂಜಿನ್ನಿನ ಯೋಗಕ್ಷೇಮ ನಿಮಗೆ ತಿಳಿಯುವುದು ಸ್ಟಿಯರಿಂಗಿನ ಮುಂದಿರುವ ಡ್ಯಾಷ್‌ಬೋರ್ಡಿನಿಂದ. ಅದರ ವಿಚಾರವನ್ನು ಕೇಳುವವರು ಕಡಮೆ. ಇಂಜಿನ್ನನ್ನು ಬದಲಾಯಿಸುವ ಸಮಯವೇ ಗೇಜುಗಳನ್ನು ಸೇರಿಸಲು ತಕ್ಕ ಸಮಯವೆಂಬುದನ್ನೂ, ಯಾವುವನ್ನು ಹೇಗೆ ಸೇರಿಸಬೇಕೆಂಬುದನ್ನೂ ಇಲ್ಲಿ ನೋಡೋಣ.

ನಮಗೆಲ್ಲ ಪರಿಚಿತವಾದ ಅಂಬಾಸಿಡರ್ ಕಾರನ್ನೇ ಉದಾಹರಣೆಯಾಗಿಟ್ಟುಕೊಳ್ಳಿ. ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ ಇದನ್ನು ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಿಸಿತು. ಬಹುಕಾಲ ಅದರಲ್ಲಿದ್ದುದು 1489 ಸಿ.ಸಿ.ಯ ಬ್ರಿಟಿಷ್ ಮೂಲದ ಪೆಟ್ರೋಲ್ ಇಂಜಿನ್ನು. 1990ರ ದಶಕದಲ್ಲಿ ಕಾರ್ಖಾನೆಯೇ 1.8 ಲೀಟರಿನ ಇಸುಜು ಇಂಜಿನ್ನನ್ನು ಕೂರಿಸತೊಡಗಿತು. ಅದನ್ನು ಕಂಡು ಹಳೆಯ ಅಂಬಾಸಿಡರಿಗೂ ಇಸುಜು ಹಾಕಿಸಿಕೊಂಡವರುಂಟು. ಹೀಗೆ ಮಾಡಿದಾಗ ಇಂಜಿನ್ನು ಒಂದು ಕಾಲದ್ದು, ಡ್ಯಾಷ್‌ಬೋರ್ಡು ಇನ್ನೊಂದು ಕಾಲದ್ದು ಆಗುತ್ತದೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು.

ದೀಪವಿದ್ದರೆ ಸಾಲದೆ, ಮುಳ್ಳು ಏಕೆ ಬೇಕು ಎಂದು ನೀವು ಕೇಳಬಹುದು. ಆಯಿಲ್ಲಿನ ಕೆಂಪು ದೀಪವನ್ನೇ ನೋಡಿ. ಅದರ ಸ್ವಿಚ್ಚು ಸಾಮಾನ್ಯವಾಗಿ ಒತ್ತಡ ಚದರ ಅಂಗುಲಕ್ಕೆ ಐದಾರು ಪೌಂಡಿಗೆ ಇಳಿದಾಗ ಮಾತ್ರ ದೀಪವನ್ನು ಹೊತ್ತಿಸುತ್ತದೆ. ಹಳೆಯ ಅಂಬಾಸಿಡರ್ ಇಂಜಿನ್ನು ಬಿಸಿಯಾಗಿ ಓಡುತ್ತಿರುವಾಗ 50 ಪೌಂಡಿನ ಆಸುಪಾಸಿನಲ್ಲಿರಬೇಕು. ಅದು 15ಕ್ಕೆ ಇಳಿದಿದ್ದರೂ ದೀಪ ಸುಮ್ಮನೇ ಇರುತ್ತದೆ. ಅಷ್ಟರಲ್ಲಿ ಬೇರಿಂಗುಗಳು ಸವೆಯುತ್ತಿರುತ್ತವೆ. ದೀಪ ಹೊತ್ತಿಕೊಂಡಾಗ ನಿಮಗೆ ತಿಳಿಯುವುದು ಆಗಿಹೋದ ಸಂಗತಿ. ಆಗಲಿರುವುದನ್ನು ಮುಳ್ಳು ಮುಂಚೆಯೇ ತಿಳಿಸುತ್ತದೆ. ಹಾಗೆಂದು ದೀಪವನ್ನು ಕಿತ್ತುಹಾಕಬೇಡಿ. ರಸ್ತೆಯನ್ನು ನೋಡುತ್ತಿರುವ ಕಣ್ಣನ್ನು ದೀಪ ಕರೆಯುತ್ತದೆ, ಮುಳ್ಳು ಕರೆಯುವುದಿಲ್ಲ. ಎರಡೂ ಇರಬೇಕು.

ಮುಖ್ಯವಾದ ಗೇಜುಗಳು ಮೂರು: ಆಯಿಲ್ಲಿನ ಒತ್ತಡ, ನೀರಿನ ಬಿಸಿ, ವಿದ್ಯುತ್ತಿನ ವೋಲ್ಟೇಜು.

ಆಯಿಲ್ ಗೇಜಿನಲ್ಲಿ ಎರಡು ಜಾತಿಗಳುಂಟು. ಒಂದರಲ್ಲಿ ಸಣ್ಣ ಕೊಳವೆಯ ಮೂಲಕ ಆಯಿಲ್ಲೇ ಡ್ಯಾಷ್‌ಬೋರ್ಡಿನವರೆಗೆ ಬರುತ್ತದೆ. ಇದು ನಿಖರವಾದದ್ದು, ಆದರೆ ಕೊಳವೆ ಉಜ್ಜಿ ತೂತಾದರೆ ಕಾಯ್ದ ಆಯಿಲ್ಲು ನಿಮ್ಮ ಕಾಲಿನ ಮೇಲೆ ಚಿಮ್ಮುತ್ತದೆ. ಇನ್ನೊಂದರಲ್ಲಿ ಇಂಜಿನ್ನಿಗೆ ಸೆಂಡರ್ ಎಂಬ ಪುಟ್ಟ ಡಬ್ಬಿಯನ್ನು ತಿರುಗಿಸಿ ಕೂರಿಸಿ, ಅದರಿಂದ ತಂತಿಯನ್ನು ಮಾತ್ರ ಒಳಗೆ ತರುತ್ತಾರೆ. ಸಂಸಾರದ ಕಾರಿಗೆ ಇದೇ ಲೇಸು.

ನೀರಿನ ಗೇಜಿನಲ್ಲಿ ಸೆಂಡರನ್ನು ಎಲ್ಲಿ ಕೂರಿಸುತ್ತೀರಿ ಎಂಬುದೇ ಮುಖ್ಯ. ಅದು ಥರ್ಮೋಸ್ಟಾಟಿಗಿಂತ ಹಿಂದೆ, ಇಂಜಿನ್ನಿನ ಕಡೆಯಲ್ಲೇ, ಹೆಡ್ಡಿನಿಂದ ಬಿಸಿನೀರು ಹೊರಡುವ ಜಾಗದಲ್ಲಿರಬೇಕು. ಸುಲಭವೆಂದು ಮೇಲಿನ ರಬ್ಬರ್ ಹೋಸಿನ ನಡುವೆ ಸೇರಿಸಿದರೆ, ಥರ್ಮೋಸ್ಟಾಟು ಬಾಗಿಲು ತೆರೆಯುವವರೆಗೂ ಮುಳ್ಳು ತಣ್ಣಗೆ ಮಲಗಿರುತ್ತದೆ. ಥರ್ಮೋಸ್ಟಾಟು ಕೆಟ್ಟು ಮುಚ್ಚಿಕೊಂಡೇ ನಿಂತರಂತೂ ಇಂಜಿನ್ನು ಕುದಿಯುತ್ತಿದ್ದರೂ ಗೇಜು ಹೇಳುವುದಿಲ್ಲ. ಹಳೆಯ ಅಂಬಾಸಿಡರಿನ ಹೆಡ್ಡು ಎರಕದ ಕಬ್ಬಿಣದ್ದು. ಕಾವನ್ನು ಅಷ್ಟಿಷ್ಟು ತಾಳಿಕೊಳ್ಳುತ್ತಿತ್ತು. ಈಚಿನ ಇಂಜಿನ್ನುಗಳ ಹೆಡ್ಡು ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನದು. ಒಮ್ಮೆ ಮಿತಿಮೀರಿ ಕಾದರೆ ಅದು ಸೊಟ್ಟಗಾಗುತ್ತದೆ. ಆದುದರಿಂದ ಇಂಜಿನ್ನು ಹೊಸಕಾಲದ್ದಾದಷ್ಟೂ ಈ ಮುಳ್ಳಿನ ಅಗತ್ಯ ಹೆಚ್ಚು.

ಮೂರನೆಯದರಲ್ಲಿ ಬೆಂಕಿಯ ಭಯವಿದೆ. ಹಳೆಯ ಕಾರುಗಳಲ್ಲಿ ವೋಲ್ಟ್‌ಮೀಟರಿನ ಬದಲು ಅಮ್ಮೀಟರು ಇರುತ್ತಿತ್ತು. ಸ್ಟಾರ್ಟರಿನದನ್ನು ಬಿಟ್ಟು ಬ್ಯಾಟರಿಗೆ ಹೋಗುವ, ಬರುವ ಕರೆಂಟೆಲ್ಲ ಅದರ ಮೂಲಕವೇ ಹಾಯುತ್ತದೆ. ಆ ಕಾಲದ ಡೈನಮೋ ಕೊಡುತ್ತಿದ್ದುದು ಸುಮಾರು 20 ಆಂಪಿಯರು. 30 ಆಂಪಿಯರಿನ ಗೇಜು ಅದಕ್ಕೆ ಸಾಕಾಗಿತ್ತು. ಹೊಸ ಇಂಜಿನ್ನಿನೊಡನೆ ಬರುವ ಆಲ್ಟರ್ನೇಟರು ಅದರ ಎರಡು ಮೂರರಷ್ಟು ಕೊಡಬಲ್ಲದು. ಹಳೆಯ ತಂತಿಯಲ್ಲೇ ಇದನ್ನು ಹರಿಸಿದರೆ ತಂತಿ ಕಾಯ್ದು ಹೊದಿಕೆ ಕರಗುತ್ತದೆ. ಆದುದರಿಂದ ಅಮ್ಮೀಟರನ್ನು ಬಿಡಿಸಿ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ತಂತಿಯನ್ನು ನೇರವಾಗಿ ಎಳೆಸಿ, ಡ್ಯಾಷ್‌ಬೋರ್ಡಿನಲ್ಲಿ ವೋಲ್ಟ್‌ಮೀಟರು ಹಾಕಿಸಿ. ಇಂಜಿನ್ನು ನಿಂತಿರುವಾಗ ಅದು ಹನ್ನೆರಡೂವರೆಯ ಆಸುಪಾಸು, ಓಡುವಾಗ 13.8ರಿಂದ 14.4 ವೋಲ್ಟು ತೋರಿಸಿದರೆ ಎಲ್ಲ ನೆಟ್ಟಗಿದೆಯೆಂದು ತಿಳಿಯಿರಿ.

ಇನ್ನು ಕೂರಿಸುವ ಕ್ರಮ. ಇಂಜಿನ್ನು ಕಾರಿನಿಂದ ಹೊರಗೆ, ಸ್ಟ್ಯಾಂಡಿನ ಮೇಲಿರುವಾಗ ಸೆಂಡರಿನ ತೂತುಗಳೆಲ್ಲ ಕೈಗೆ ಸಿಗುತ್ತವೆ. ಒಳಗೆ ಇಳಿಸಿ ಮ್ಯಾನಿಫೋಲ್ಡು ಕಟ್ಟಿದ ಮೇಲೆ ಅಲ್ಲಿಗೆ ಸ್ಪ್ಯಾನರು ಹೋಗುವುದೇ ಕಷ್ಟ. ತೂತಿನ ಮರೆಗಳ ಬಗ್ಗೆ ಎಚ್ಚರವಿರಲಿ: ಬ್ರಿಟಿಷ್, ಅಮೆರಿಕನ್, ಮೆಟ್ರಿಕ್ ಮರೆಗಳು ಬೇರೆ ಬೇರೆ. ಕೆಲವು ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತವೆ. ಅಲ್ಲಿ ಬಲಪ್ರಯೋಗ ಸಲ್ಲದು. ಸರಿಯಾದ ಅಡಾಪ್ಟರನ್ನು ತರಿಸಿ. ದೀಪದ ಸ್ವಿಚ್ಚು, ಗೇಜಿನ ಸೆಂಡರು ಎರಡೂ ಬೇಕಾದರೆ 'ಟೀ' ಆಕಾರದ ಜೋಡಣೆ ಬೇಕು. ಭಾರವಾದ ಸೆಂಡರು ಅದರ ತುದಿಯಲ್ಲಿ ನೇತಾಡಿದರೆ ಅದುರಿ ಅದುರಿ ಮುರಿಯುತ್ತದೆ. ಅದನ್ನು ಬಾಗುವ ಕೊಳವೆಯ ಮೂಲಕ ಕಾರಿನ ತಗಡಿಗೆ ಕಟ್ಟಿಸುವುದು ಕ್ಷೇಮ. ಆಗ ಸೆಂಡರಿನ ಮೈಯಿಂದ ಬೇರೊಂದು ಅರ್ತಿಂಗ್ ತಂತಿಯನ್ನು ಕೊಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದುದೊಂದು: ಸೆಂಡರೂ ಗೇಜೂ ಜೋಡಿ. ಬಿಸಿ ಅಥವಾ ಒತ್ತಡ ಬದಲಾದಂತೆ ಸೆಂಡರಿನ ವಿದ್ಯುತ್ ನಿರೋಧ ಬದಲಾಗುತ್ತದೆ. ಆ ಬದಲಾವಣೆಯನ್ನೇ ಗೇಜು ಮುಳ್ಳಿನಲ್ಲಿ ತೋರಿಸುತ್ತದೆ. ಒಬ್ಬ ತಯಾರಕನ ಲೆಕ್ಕ ಇನ್ನೊಬ್ಬನದಲ್ಲ. ಹೊಸ ಇಂಜಿನ್ನಿನ ಸೆಂಡರಿಗೆ ಹಳೆಯ ಗೇಜನ್ನು ಸೇರಿಸಿದರೆ ಮುಳ್ಳು ಆಡುತ್ತದೆ, ಆದರೆ ಸುಳ್ಳಾಡುತ್ತದೆ. ಗೇಜೇ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ನೀವು ಅದನ್ನು ನಂಬುತ್ತೀರಿ. ಎರಡನ್ನೂ ಒಟ್ಟಿಗೆ ಕೊಳ್ಳಿ. ಪೆಟ್ರೋಲ್ ಗೇಜಿನ ಮಾತು ಬೇರೆ. ಟ್ಯಾಂಕೂ ಅದರ ಸೆಂಡರೂ ಹಳೆಯವೇ ಉಳಿಯುವುದರಿಂದ ಹಳೆಯ ಗೇಜನ್ನೇ ಉಳಿಸಿಕೊಳ್ಳಿ.

ಬ್ರಿಟಿಷ್ ಮಾದರಿಯ ಹಳೆಯ ಕಾರುಗಳಲ್ಲಿ ಇನ್ನೆರಡು ಸಂಗತಿಗಳನ್ನು ನೋಡಬೇಕು. 1960ರ ದಶಕದವರೆಗೆ ಅವುಗಳಲ್ಲಿ ಹಲವಕ್ಕೆ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಕಾರಿನ ಮೈಗೆ ಜೋಡಿಸುತ್ತಿದ್ದರು. ಈಗಿನ ಆಲ್ಟರ್ನೇಟರನ್ನು ಹಾಗೆ ಜೋಡಿಸಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ; ಮೊದಲು ಇಡೀ ಕಾರನ್ನು ನೆಗೆಟಿವ್ ಅರ್ತಿಂಗಿಗೆ ತಿರುಗಿಸಬೇಕು. ಎರಡನೆಯದಾಗಿ, ಕೆಲವು ಕಾರುಗಳ ಹಳೆಯ ಗೇಜುಗಳಿಗೆ 10 ವೋಲ್ಟು ಕೊಡುವ ಸ್ಟೆಬಿಲೈಸರ್ ಇರುತ್ತದೆ. ಹಳೆಯವು ಅದರಿಂದಲೇ ನಡೆಯಲಿ. 12 ವೋಲ್ಟಿನ ಹೊಸ ಗೇಜುಗಳಿಗೆ ಬೇರೆ ತಂತಿ, ಬೇರೆ ಫ್ಯೂಸು ಇರಲಿ. ಒಳಗೆ ಬರುವ ತಂತಿ ತಗಡಿನ ತೂತನ್ನು ಹಾಯುವೆಡೆ ರಬ್ಬರ್ ಬಳೆಯೊಂದನ್ನು ಹಾಕಿಸಲು ಮರೆಯಬೇಡಿ.

ಗೇಜುಗಳಿಗಾಗಿ ಮೂಲ ಡ್ಯಾಷ್‌ಬೋರ್ಡನ್ನು ಕೊರೆಯಬೇಕಾಗಿಲ್ಲ. ಅದರ ಕೆಳಗೆ ತಗಡಿನ ಪಟ್ಟಿಯೊಂದನ್ನು ಕಟ್ಟಿ ಮೂರನ್ನೂ ಸಾಲಾಗಿ ಕೂರಿಸಬಹುದು. ಓಟದ ಕಾರಿನವರ ಉಪಾಯವೊಂದನ್ನು ಇಲ್ಲಿ ಅನುಸರಿಸಿ: ಎಲ್ಲ ಸರಿಯಿದ್ದಾಗ ಮೂರು ಮುಳ್ಳುಗಳೂ ಗಡಿಯಾರದ ಹನ್ನೆರಡರ ಕಡೆ ನಿಲ್ಲುವಂತೆ ಗೇಜುಗಳನ್ನು ತಿರುಗಿಸಿ ಬಿಗಿಸಿ. ಆಗ ಅಂಕಿಗಳನ್ನು ಓದುವ ಶ್ರಮವಿಲ್ಲ. ಓರೆಯಾದದ್ದು ಒಂದೇ ನೋಟಕ್ಕೆ ಕಾಣುತ್ತದೆ.

ನೀರಿನ ಗೇಜನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೆಂಡರನ್ನು ಇಂಜಿನ್ನಿಗೆ ಕೂರಿಸುವ ಮುಂಚೆ ತಂತಿಗಳನ್ನು ಜೋಡಿಸಿ, ಅದರ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ. ಮಂಗಳೂರಿನಲ್ಲಾದರೆ ಮುಳ್ಳು 100 ಡಿಗ್ರಿಯ ಬಳಿ ನಿಲ್ಲಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಅಲ್ಲಿ ಅಷ್ಟು ತೋರಿಸಿದರೆ ಸರಿ.

ಇನ್ನು ಮುಳ್ಳುಗಳನ್ನು ಓದುವ ಬಗೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ನೀರಿನ ಮುಳ್ಳು ಸ್ವಲ್ಪ ಏರುವುದು ಸಹಜ. ಏರುತ್ತಲೇ ಹೋದರೆ ಪಕ್ಕಕ್ಕೆ ನಿಲ್ಲಿಸಿ. ರೇಡಿಯೇಟರಿನ ಮುಚ್ಚಳವನ್ನು ಆರುವ ತನಕ ಮುಟ್ಟಬೇಡಿ. ಏರಿದ್ದ ಮುಳ್ಳು ಥಟ್ಟನೆ ಕೆಳಗಿಳಿದರೆ ಸಂತೋಷಪಡಬೇಡಿ. ನೀರು ಸೋರಿಹೋಗಿ ಸೆಂಡರು ಬರಿಗಾಳಿಯಲ್ಲಿ ನಿಂತಿರಬಹುದು. ವೋಲ್ಟ್‌ಮೀಟರು ಇಳಿದು, ಜೊತೆಗೇ ನೀರಿನ ಮುಳ್ಳು ಏರಿದರೆ ಫ್ಯಾನ್ ಬೆಲ್ಟು ಹರಿದಿರುವ ಸಂಭವವೇ ಹೆಚ್ಚು, ಏಕೆಂದರೆ ಅನೇಕ ಕಾರುಗಳಲ್ಲಿ ಎರಡನ್ನೂ ನಡೆಸುವುದು ಅದೇ ಬೆಲ್ಟು. ವೋಲ್ಟೇಜು ಮಾತ್ರ ಇಳಿದಿದ್ದರೆ ಹಗಲಿನಲ್ಲಿ ಹತ್ತಿರದ ಊರು ಸೇರಬಹುದು. ಆಯಿಲ್ಲಿನ ಮುಳ್ಳು ಬಿದ್ದರೆ ಮಾತ್ರ ಮುಂದಿನ ಊರಿನ ಆಸೆ ಬೇಡ. ಅಲ್ಲೇ ಇಂಜಿನ್ನನ್ನು ಆರಿಸಿ.

ಕೊನೆಯದಾಗಿ ಕಾನೂನಿನ ಮಾತು. ಇಂಜಿನ್ನಿನ ಸಂಖ್ಯೆ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ವಾಹನದ ಮಾರ್ಪಾಟಿಗೆ ಮಿತಿಗಳನ್ನು ಹಾಕಿದೆ. ಆದುದರಿಂದ ಕೆಲಸಕ್ಕೆ ಕೈಹಾಕುವ ಮುಂಚೆಯೇ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಿರಿ, ವಿಮೆಯವರಿಗೂ ತಿಳಿಸಿರಿ. ಆಮೇಲೆ ಕಾರನ್ನು ಮೇಸ್ತ್ರಿಗೆ ಒಪ್ಪಿಸುವ ದಿನ, ಇಂಜಿನ್ನಿನ ಲೆಕ್ಕದ ಚೀಟಿಯಲ್ಲೇ ಈ ಮೂರು ಗೇಜುಗಳನ್ನೂ ಅವುಗಳ ಸೆಂಡರುಗಳನ್ನೂ ಬರೆಸಿಬಿಡಿ. ಇಂಜಿನ್ನಿಗೆ ತಗಲುವ ವೆಚ್ಚದ ಮುಂದೆ ಇವುಗಳ ಬೆಲೆ ಅಲ್ಪ; ಆ ಇಂಜಿನ್ನನ್ನು ಕಾಯುವವು ಇವೇ.